ಸಂಜೆ ಐದೂವರೆಯಿಂದ ಹಿಂದಕ್ಕೆ

ವಿಹಾರನೌಕೆಯನ್ನೇರಿ ದೇಶಾಂತರಗಳನ್ನು ನೋಡಹೊರಡುವವರಿಗೆ ಸಮುದ್ರವು ಯಥೇಚ್ಛವಾಗಿ ದೊರೆಯುತ್ತದೆ, ದುರ್ಲಭವಾದದ್ದು ನೆಲ. ರಾತ್ರಿಯೆಲ್ಲ ಸಂಚರಿಸಿದ ಹಡಗು ಬೆಳಗಾಗುವ ಹೊತ್ತಿಗೆ ಒಂದು ಬಂದರನ್ನು ಸೇರಿ, ಸಂಜೆ ಕವಿಯುವ ಮೊದಲೇ ಅದನ್ನು ಬಿಟ್ಟು ಹೊರಡುವುದರಿಂದ, ಎರಡು ಸಹಸ್ರ ವರ್ಷಗಳಿಗೂ ಮೀರಿದ ಚರಿತ್ರೆಯುಳ್ಳ ನಗರವನ್ನು ಎಂಟೊಂಬತ್ತು ಗಂಟೆಗಳೊಳಗೆ ಕಂಡು ಮುಗಿಸತಕ್ಕ ವಿಚಿತ್ರವಾದ ಕರ್ತವ್ಯವು ಪ್ರಯಾಣಿಕನ ಪಾಲಿಗೆ ಬರುತ್ತದೆ. ಆ ಅಲ್ಪಕಾಲವನ್ನು ವಿನಿಯೋಗಿಸುವ ಬಗೆಯನ್ನು ಹಡಗಿನವರು ತಾವಾಗಿಯೇ ಸೂಚಿಸುವುದುಂಟು: ಅವರದೇ ಬಸ್ಸು, ಅವರದೇ ಮಾರ್ಗದರ್ಶಿ, ಅದಕ್ಕೆ ತಕ್ಕಂತೆ ಭಾರವಾದ ಶುಲ್ಕ. ಮತ್ತೊಂದು ಮಾರ್ಗವೆಂದರೆ, ಆ ಊರಿನ ಗುಮಾಸ್ತರೂ ವಿದ್ಯಾರ್ಥಿಗಳೂ ತರಕಾರಿ ಚೀಲ ಹಿಡಿದ ಗೃಹಿಣಿಯರೂ ದಿನನಿತ್ಯ ಹತ್ತಿ ಇಳಿಯುವ ರೈಲುಬಂಡಿಯನ್ನೇ ನಾವೂ ಹತ್ತುವುದು. 2023ರ ಮೇ ತಿಂಗಳಿನಲ್ಲಿ ನಾನೂ ನನ್ನ ಹೆಂಡತಿಯೂ ಇಟಲಿಯ ಪಶ್ಚಿಮ ತೀರದಲ್ಲಿ ಅನುಸರಿಸಿದ್ದು ಈ ಎರಡನೆಯದನ್ನು. ಅದರ ಯೋಜನೆಯು ರೂಪುಗೊಂಡದ್ದು ಮಾತ್ರ ರಾಜಾಜಿನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ.

ನಾನು ಕೆಂಗೇರಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿ ಸೇವೆ ಸಲ್ಲಿಸಿ ನಿವೃತ್ತನಾದವನು. ಈಗ ವಿಜಯನಗರದ ಮೇಲಿಂದ ಕೆಂಗೇರಿಗೆ ಮೆಟ್ರೋ ಓಡುತ್ತದೆ. ಆ ಸೌಕರ್ಯ ಬಂದದ್ದು 2021ರಲ್ಲಿ. ನನ್ನ ಕಾಲದಲ್ಲಿ ಬೆಳಗ್ಗೆ ಸಿಟಿ ಸ್ಟೇಷನ್ನಿಗೆ ಬಂದು ಮೈಸೂರು ಪ್ಯಾಸೆಂಜರಿನ ಮೀಟರ್ ಗೇಜ್ ಬಂಡಿಯನ್ನು ಹಿಡಿಯಬೇಕಾಗಿತ್ತು. ಅದು ತಪ್ಪಿದರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣಕ್ಕೆ ಓಡಿ, ಮೈಸೂರು ರಸ್ತೆಯ ಬಿ.ಟಿ.ಎಸ್. ಬಸ್ಸಿನ ಫುಟ್‌ಬೋರ್ಡಿನ ಮೇಲೆ ಒಂದು ಪಾದಕ್ಕೆ ಸ್ಥಳ ಸಂಪಾದಿಸಿಕೊಳ್ಳಬೇಕಾಗಿತ್ತು. ಇಂಥ ಜೀವನಕ್ರಮದಲ್ಲಿ ಮನುಷ್ಯನಿಗೆ ವೇಳಾಪಟ್ಟಿಯ ವಿಷಯದಲ್ಲಿ ಒಂದು ವಿಧವಾದ ವೈರಾಗ್ಯವೂ, ಅದರೊಂದಿಗೇ ಒಂದು ವಿಧವಾದ ಧೈರ್ಯವೂ ಹುಟ್ಟುತ್ತವೆ. ಬಂಡಿಯು ಮುದ್ರಿತವಾದ ಸಮಯಕ್ಕೆ ಬರುವುದೆಂಬ ನಂಬಿಕೆ ಹೋಗುತ್ತದೆ. ಆದರೆ ಯಾವುದಾದರೊಂದು ಬಂಡಿ ಬಂದೇ ಬರುವುದೆಂಬ ನಂಬಿಕೆ ಉಳಿಯುತ್ತದೆ.

ಸಮುದ್ರಯಾನದ ಆಸೆಯು ನನ್ನಲ್ಲಿ ಮೊಳೆತದ್ದು ಪಾಠದ ಕೊಠಡಿಯಲ್ಲಿ. ವಿ. ಕೃ. ಗೋಕಾಕರು 1936ರಲ್ಲಿ ಉಚ್ಚ ವ್ಯಾಸಂಗಕ್ಕಾಗಿ ಆಕ್ಸ್‌ಫರ್ಡಿಗೆ ತೆರಳಿದ್ದು ಹಡಗಿನಲ್ಲಿ. ಕಡಲು ಅವರಿಂದ ‘ಸಮುದ್ರಗೀತೆಗಳು’ ಎಂಬ ಸಂಕಲನವನ್ನು ಬರೆಯಿಸಿತು. ಶಿವರಾಮ ಕಾರಂತರು ಯೂರೋಪನ್ನು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ವನ್ನು ಬರೆದರು. ಆ ದಿನಗಳಲ್ಲಿ ಮುಂಬಯಿಯ ಧಕ್ಕೆಯಿಂದ ಲಾಯ್ಡ್ ಟ್ರಿಯೆಸ್ಟಿನೊ ಕಂಪನಿಯ ಹಡಗುಗಳು ನೇರವಾಗಿ ಇಟಲಿಯ ಬಂದರುಗಳಿಗೆ ಹೋಗುತ್ತಿದ್ದವು. ನಮ್ಮ ದೇಶದ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಯೂರೋಪಿನ ನೆಲವನ್ನು ಮೊದಲು ಮುಟ್ಟಿದ್ದು ಅಲ್ಲಿಯೇ. ಆ ಗೀತೆಗಳನ್ನು ಪಾಠ ಹೇಳುತ್ತಿದ್ದ ನಾನು ಸಮುದ್ರವನ್ನು ಕಂಡಿದ್ದದ್ದು ಉಡುಪಿ ಗೋಕರ್ಣಗಳ ಯಾತ್ರೆಯಲ್ಲಿ ದಡದ ಮೇಲೆ ನಿಂತು ಮಾತ್ರ. ನಿವೃತ್ತಿಯ ಅನಂತರ ಕೂಡಿಟ್ಟ ಹಣದಲ್ಲಿ ಹಡಗಿನ ಕೆಳ ಅಂತಸ್ತಿನ, ಕಿಟಕಿಯಿಲ್ಲದ ಕೊಠಡಿಯೊಂದನ್ನು ಕಾದಿರಿಸುವ ಸಾಹಸಕ್ಕೆ ನಾವಿಬ್ಬರೂ ಕೈಹಾಕಿದೆವು.

ಬಸವೇಶ್ವರನಗರದಲ್ಲಿರುವ ನಮ್ಮ ಮಗಳಿಗೆ ಈ ರೈಲಿನ ಯೋಚನೆ ಸರಿಬೀಳಲಿಲ್ಲ. “ಅಪ್ಪಾ, ಅಮ್ಮನ ಮೊಣಕಾಲು ನೋಡಿಯಾದರೂ ಹಡಗಿನವರ ಬಸ್ಸಲ್ಲೇ ಹೋಗಿಬಿಡಿ. ತಡವಾದರೆ ಆ ಹಡಗು ನಿಮಗೋಸ್ಕರ ಕಾಯತ್ತಾ?” ಎಂಬುದು ಅವಳ ಆಕ್ಷೇಪ. ಆಕ್ಷೇಪವು ಯುಕ್ತವಾದದ್ದೇ ಆಗಿತ್ತು. ಹಡಗಿನವರೇ ಏರ್ಪಡಿಸಿದ ಸಂಚಾರದ ಬಸ್ಸು ತಡವಾದರೆ ಹಡಗು ಅದಕ್ಕಾಗಿ ನಿಲ್ಲುತ್ತದೆ. ಸ್ವೇಚ್ಛೆಯಿಂದ ಹೋದವನಿಗಾಗಿ ನಿಲ್ಲುವುದಿಲ್ಲ, ಅವನು ತನ್ನ ಖರ್ಚಿನಲ್ಲಿಯೇ ಮುಂದಿನ ಬಂದರನ್ನು ಸೇರಿಕೊಳ್ಳಬೇಕು. ಹಡಗಿನವರಿಗೆ ಕೊಡುವ ದೊಡ್ಡ ಶುಲ್ಕದಲ್ಲಿ ಬಹುಭಾಗವು ಈ ಅಭಯದ ಬೆಲೆಯೆಂದು ತಿಳಿದರೆ ಅದು ಅನ್ಯಾಯವೆಂದು ತೋರುವುದಿಲ್ಲ. ನಮಗೆ ಬೇಕಾಗಿದ್ದದ್ದು ಆ ಅಭಯವನ್ನು ಹಣದ ಬದಲಾಗಿ ಕಾಲದಿಂದ ಸಂಪಾದಿಸುವ ಉಪಾಯ.

ಅದನ್ನು ಹೇಳಿಕೊಟ್ಟವರು ವಿಜಯನಗರದ ಮಾರುತಿ ಮಂದಿರದ ಬಳಿ ವಾಸವಾಗಿರುವ ನನ್ನ ಹಳೆಯ ಸ್ನೇಹಿತರು; ಬಿ.ಟಿ.ಎಸ್.ನಲ್ಲಿ ಕಂಡಕ್ಟರಾಗಿ ಸೇರಿ, ಅದು 1997ರಲ್ಲಿ ಬಿ.ಎಂ.ಟಿ.ಸಿ. ಆದ ಮೇಲೆಯೂ ಬಹುಕಾಲ ನಿಲ್ದಾಣಗಳಲ್ಲಿ ಟ್ರಾಫಿಕ್ ಕಂಟ್ರೋಲರಾಗಿ ಬಸ್ಸುಗಳ ಬರವು ಹೊರಡುವಿಕೆಗಳನ್ನು ಬರೆದುಕೊಂಡವರು. ನನ್ನ ಕಾಗದಗಳನ್ನೆಲ್ಲ ಒಂದು ಸಲ ತಿರುವಿಹಾಕಿ ಅವರು ಹೇಳಿದರು: “ಮೇಷ್ಟ್ರೇ, ನೀವು ಬೆಳಗ್ಗೆಯಿಂದ ಮುಂದಕ್ಕೆ ಲೆಕ್ಕ ಹಾಕ್ತಾ ಇದ್ದೀರಿ. ಸಂಜೆಯಿಂದ ಹಿಂದಕ್ಕೆ ಹಾಕಿ. ಗಾಡಿ ಡಿಪೋಗೆ ಯಾವಾಗ ಸೇರಬೇಕು ಅನ್ನೋದು ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ಕೊನೇ ಗಾಡೀನ ಲೆಕ್ಕಕ್ಕೇ ತಗೋಬೇಡಿ. ಅದಕ್ಕೆ ಮುಂಚಿನದೂ ಬರಲಿಲ್ಲ ಅಂತಲೇ ಇಟ್ಕೊಳ್ಳಿ.” ಪ್ರವಾಸಸಾಹಿತ್ಯವನ್ನು ನಾನು ಸಾಕಷ್ಟು ಓದಿದ್ದೇನೆ, ಇಷ್ಟು ಉಪಯುಕ್ತವಾದ ವಾಕ್ಯವನ್ನು ಅದರಲ್ಲಿ ಕಂಡಿಲ್ಲ.

ಲೆಕ್ಕಕ್ಕೆ ಕುಳಿತಾಗ ಮೊದಲು ಬಯಲಾದ ಸಂಗತಿಯೆಂದರೆ, ಹಡಗಿನವರ ಪಟ್ಟಿಯಲ್ಲಿ ಅಚ್ಚಾದ ಊರುಗಳಿಗೂ ಹಡಗು ನಿಲ್ಲುವ ಊರುಗಳಿಗೂ ಇರುವ ಅಂತರ. ‘ರೋಮ್’ ಎಂದಿರುವಲ್ಲಿ ಹಡಗು ನಿಲ್ಲುವುದು ರೋಮಿನಿಂದ ಸುಮಾರು 70 ಕಿಲೋಮೀಟರ್ ದೂರದ ಚಿವಿಟಾವೆಕ್ಕಿಯಾದಲ್ಲಿ. ‘ಫ್ಲಾರೆನ್ಸ್’ ಎಂದರೆ ಲಿವೊರ್ನೊ, ಅಲ್ಲಿಂದ ಫ್ಲಾರೆನ್ಸಿಗೆ ರೈಲಿನಲ್ಲಿಯೇ ಒಂದೂಕಾಲು ಗಂಟೆಗೂ ಮೇಲ್ಪಟ್ಟ ದಾರಿ. ಲಾ ಸ್ಪೆತ್ಸಿಯಾ ಒಂದು ಸುಲಭವಾದ ಬಂದರು. ಅಲ್ಲಿನ ಸ್ಟೇಷನ್ನಿನಿಂದ ಹೊರಡುವ ಸ್ಥಳೀಯ ರೈಲು ಬೆಟ್ಟದ ಸುರಂಗಗಳನ್ನು ದಾಟಿ, ಬಂಡೆಗಳ ಮೇಲೆ ಕಟ್ಟಿದ ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಿಗೂ ಒಂದಾದಮೇಲೊಂದರಂತೆ ಕರೆದೊಯ್ಯುತ್ತದೆ. ಇವುಗಳನ್ನು ಕುರಿತು ಇಲ್ಲಿ ವಿಸ್ತರಿಸುವುದಿಲ್ಲ. ನನ್ನ ನೆನಪಿನಲ್ಲಿ ಸಾಂಗವಾಗಿ ಉಳಿದಿರುವುದು ನೇಪಲ್ಸಿನ ಒಂದು ಹಗಲು. ಅಲ್ಲಿ ಬಂದರು ನಗರದ ಎದೆಯಲ್ಲಿಯೇ ಇದೆ.

ನೇಪಲ್ಸಿನಲ್ಲಿ ನಾನು ನೋಡಬೇಕೆಂದಿದ್ದದ್ದು ಅಲ್ಲಿನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿರುವ ಒಂದು ಚಿಕ್ಕ ಭಾರತೀಯ ಪ್ರತಿಮೆಯನ್ನು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತದ ಬೂದಿಯಲ್ಲಿ ಹೂತುಹೋದ ಪಾಂಪೆಯಿ ನಗರದ ಒಂದು ಮನೆಯಲ್ಲಿ, 1938ರಲ್ಲಿ, ಅಮೆಡಿಯೊ ಮಯೂರಿ ಎಂಬ ಪುರಾತತ್ತ್ವಜ್ಞರ ಉತ್ಖನನದಲ್ಲಿ ದೊರೆತ ಆನೆದಂತದ ಸ್ತ್ರೀವಿಗ್ರಹವಿದು. ಎತ್ತರ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಎರಡು ಪಕ್ಕಗಳಲ್ಲಿ ಪುಟ್ಟ ಪರಿಚಾರಿಕೆಯರು, ಪೀಠದಲ್ಲಿ ಖರೋಷ್ಠಿಯ ಅಕ್ಷರ. ಲೋಕವೆಲ್ಲ ಇದನ್ನು ‘ಪಾಂಪೆಯಿಯ ಲಕ್ಷ್ಮಿ’ ಎಂದೇ ಕರೆಯುತ್ತಿದ್ದರೂ, ಯಕ್ಷಿಯಾಗಿರಬೇಕೆಂಬುದೇ ಇತ್ತೀಚಿನ ಅನೇಕ ವಿದ್ವಾಂಸರ ಅಭಿಪ್ರಾಯ; ಇದನ್ನು ಹೋಲುವ ದಂತದ ಪ್ರತಿಮೆಗಳು ಮಹಾರಾಷ್ಟ್ರದ ತೇರ್, ಭೋಕರ್‌ದನ್‌ಗಳಲ್ಲಿ ದೊರೆತಿವೆ. ನಮ್ಮ ಹಡಗು ನೇಪಲ್ಸನ್ನು ಮುಟ್ಟುವುದು ಮಂಗಳವಾರವೆಂದು ಪಂಚಾಂಗ ಹೇಳಿತು. ವಸ್ತುಸಂಗ್ರಹಾಲಯಕ್ಕೆ ವಾರದ ರಜೆ ಮಂಗಳವಾರವೆಂದು ಅದರ ಪ್ರಕಟಣೆ ಹೇಳಿತು. ನನ್ನ ಮುಖವನ್ನು ನೋಡಿ ನನ್ನ ಹೆಂಡತಿ, “ಅಲ್ಲಾರೀ, ಮಂಗಳವಾರ ಶುಕ್ರವಾರ ಯಾರಾದರೂ ಲಕ್ಷ್ಮೀನ ಆಚೆ ಬಿಡ್ತಾರಾ? ಅವರೂ ತಿಳಿದವರೇ, ಬಾಗಿಲು ಹಾಕ್ಕೊಂಡಿದ್ದಾರೆ” ಎಂದಳು. ಲಕ್ಷ್ಮಿ ಲಭ್ಯಳಲ್ಲದಿದ್ದರೆ ಅವಳಿದ್ದ ಮನೆಯನ್ನಾದರೂ ನೋಡೋಣವೆಂದು ನಾವು ಪಾಂಪೆಯಿಯನ್ನು ಆರಿಸಿಕೊಂಡದ್ದು ಹೀಗೆ.

ಇನ್ನು ಹಿಂದಕ್ಕೆ ಲೆಕ್ಕ. ಸಂಜೆ ಐದೂವರೆಗೆ ಎಲ್ಲರೂ ಹಡಗಿನೊಳಗಿರಬೇಕು. ಆದ್ದರಿಂದ ನಾಲ್ಕೂವರೆಗೆ ನಾವು ಬಂದರಿನ ಬಾಗಿಲಲ್ಲಿರಬೇಕು. ಗಾರಿಬಾಲ್ಡಿ ಸ್ಟೇಷನ್ನಿನಿಂದ ಬಂದರಿಗೆ, ವಯಸ್ಸಾದವರ ನಡಿಗೆಯನ್ನೂ ಮೆಟ್ಟಿಲುಗಳನ್ನೂ ಸೇರಿಸಿ, ಮುಕ್ಕಾಲು ಗಂಟೆ. ಪಾಂಪೆಯಿಯಿಂದ ಗಾರಿಬಾಲ್ಡಿಗೆ ಸುಮಾರು ನಲವತ್ತು ನಿಮಿಷ. ಹಾಗಾದರೆ ಪಾಂಪೆಯಿಯಿಂದ ಮೂರು ಗಂಟೆಯ ಸುಮಾರಿಗೆ ಹೊರಡುವುದು ಕೊನೆಯ ಬಂಡಿ. ರೈಲುಗಳು ಹೆಚ್ಚುಕಡಿಮೆ ಅರ್ಧಗಂಟೆಗೊಂದರಂತೆ ಇರುವುದರಿಂದ, ಸ್ನೇಹಿತರ ಸೂತ್ರದ ಪ್ರಕಾರ ನಾವು ಹಿಡಿಯತಕ್ಕದ್ದು ಎರಡು ಗಂಟೆಯದು. ಅದೂ ಮುಂದಿನದೂ ಬರದೆ ಹೋದರೆ ಬಾಡಿಗೆ ಕಾರಿಗೆಂದು ಐವತ್ತರ ಎರಡು ಯೂರೋ ನೋಟುಗಳನ್ನು ನನ್ನ ಹೆಂಡತಿ ಕುಂಕುಮದ ಭರಣಿಯ ಕೆಳಗೆ ಮಡಿಸಿ ಪ್ರತ್ಯೇಕವಾಗಿಟ್ಟಳು. ಇಟಲಿಯಲ್ಲಿ ರೈಲ್ವೆ ನೌಕರರ ಮುಷ್ಕರಗಳು ಅಪರೂಪವಲ್ಲ. ಆದರೆ ಅವು ಪೂರ್ವಭಾವಿಯಾಗಿ ಘೋಷಿತವಾಗುತ್ತವೆ, ಮುಷ್ಕರದ ದಿನವೂ ನಿಯಮಿತ ವೇಳೆಗಳಲ್ಲಿ ಕೆಲವು ಬಂಡಿಗಳು ಓಡಲೇಬೇಕೆಂಬ ಕಟ್ಟಳೆಯುಂಟು. ಹೊರಡುವ ವಾರ ಅದನ್ನೂ ವಿಚಾರಿಸಿಕೊಂಡೆವು. ಪಾಂಪೆಯಿ ಎಂಬ ಹೆಸರಿನ ಸ್ಟೇಷನ್ನುಗಳು ಒಂದಕ್ಕಿಂತ ಹೆಚ್ಚಾಗಿದ್ದು, ಉತ್ಖನನದ ಬಾಗಿಲಿಗೇ ಒಯ್ಯುವುದು ಸೊರೆಂಟೊ ಮಾರ್ಗದ ‘ಪಾಂಪೆಯಿ ಸ್ಕಾವಿ–ವಿಲ್ಲಾ ದೇಯಿ ಮಿಸ್ತೇರಿ’ ಎಂಬುದೊಂದೇ ಎಂಬುದನ್ನು ದಪ್ಪಕ್ಷರಗಳಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡೆ.

ಆ ಮಂಗಳವಾರ ಬೆಳಗ್ಗೆ ಧಕ್ಕೆಯಿಂದ ಹೊರಬಿದ್ದ ಕೂಡಲೇ ಎದುರಿಗೆ ಕಂಡದ್ದು ಐದು ಬುರುಜುಗಳ ಹಳೆಯ ಕೋಟೆ. ಅದರ ಪಕ್ಕದಲ್ಲಿಯೇ ಮ್ಯುನಿಚಿಪಿಯೊ ಎಂಬ ಮೆಟ್ರೋ ನಿಲ್ದಾಣ. ಈ ಸುರಂಗವನ್ನು ತೋಡುವಾಗ, ಈ ಶತಮಾನದ ಆರಂಭದಲ್ಲಿ, ನೆಲದಡಿಯಲ್ಲಿ ಪ್ರಾಚೀನ ಬಂದರಿನ ಕೆಸರೂ, ಅದರಲ್ಲಿ ಹುದುಗಿದ್ದ ರೋಮನ್ ಕಾಲದ ಮರದ ದೋಣಿಗಳೂ ಸಿಕ್ಕವು. ಅದನ್ನು ನೆನೆದಾಗ ನನ್ನ ಚಿತ್ತವು ಸಹಜವಾಗಿಯೇ ನಮ್ಮ ಯಶವಂತಪುರಕ್ಕೆ ಹೋಯಿತು. ರಾಜಾಜಿನಗರಕ್ಕೆ ಅಂಟಿಕೊಂಡಿರುವ ಆ ಊರಿನಲ್ಲಿ 1891ರಲ್ಲಿ ರೈಲುಮಾರ್ಗಕ್ಕಾಗಿ ಮಣ್ಣು ಕಡಿಯುತ್ತಿದ್ದವರಿಗೆ ರೋಮನ್ ಬೆಳ್ಳಿನಾಣ್ಯಗಳ ನಿಧಿಯೊಂದು ದೊರೆಯಿತು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಮುಖಮುದ್ರೆಯುಳ್ಳವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಅಂಥ ನಾಣ್ಯಗಳು ದೊರೆತಿವೆ. ಇಲ್ಲಿ ರೈಲಿಗಾಗಿ ಅಗೆದರೆ ಹಡಗು, ಅಲ್ಲಿ ರೈಲಿಗಾಗಿ ಅಗೆದರೆ ಹಡಗು ತಂದ ಹಣ! ಮೆಟ್ರೋ ಬಂಡಿಗೆ ಕಾಯುತ್ತ ಇದನ್ನು ನಾನು ಉತ್ಸಾಹದಿಂದ ವಿವರಿಸುತ್ತಿದ್ದಾಗ ನನ್ನ ಹೆಂಡತಿಯು ಬಂಡಿಯ ದಿಕ್ಕು ಸರಿಯೇ ಎಂದು ಫಲಕವನ್ನು ನೋಡುತ್ತಿದ್ದಳು. ಇಬ್ಬರಲ್ಲಿ ಒಬ್ಬರಾದರೂ ಹಾಗೆ ಇರತಕ್ಕದ್ದು.

ಉನಿವೆರ್ಸಿತಾ, ದುಓಮೊ ಎಂಬ ನಿಲ್ದಾಣಗಳು ಕಳೆದರೆ ಗಾರಿಬಾಲ್ಡಿ. ಅಲ್ಲಿಂದ ಹೊರಡುವ ‘ಚಿರ್ಕುಮ್‌ವೆಸುವಿಯಾನಾ’ ಎಂಬುದು ವೆಸೂವಿಯಸ್ಸಿನ ಪಾದವನ್ನು ಬಳಸಿ ಹೋಗುವ ಸ್ಥಳೀಯ ರೈಲುಮಾರ್ಗ; ಟಿಕೀಟು ತಲೆಗೆ ಮೂರು ಯೂರೋ ಚಿಲ್ಲರೆ. ಅದರ ಹಳಿಗಳ ನಡುವಣ ಅಂತರ 950 ಮಿಲಿಮೀಟರ್, ಅಂದರೆ ನಾನು ಕೆಂಗೇರಿಗೆ ಹೋಗುತ್ತಿದ್ದ ಮೀಟರ್ ಗೇಜಿಗಿಂತಲೂ ಎರಡು ಬೆರಳಗಲ ಕಿರಿದು. ಆ ಬಂಡಿಯ ಓಲಾಟವೂ, ಬಾಗಿಲ ಬಳಿಯೇ ಗುಂಪುಗೂಡುವ ಹುಡುಗರೂ, ನನ್ನ ಹೆಂಡತಿಯ ನರೆಗೂದಲನ್ನು ನೋಡಿ ಮಾತಿಲ್ಲದೆ ಎದ್ದು ಜಾಗ ಬಿಟ್ಟ ಕಾರ್ಮಿಕನೂ ನನಗೆ ಪೂರ್ವಪರಿಚಿತರೆಂಬಂತೆ ತೋರಿದರು. ಹಣದ ಚೀಲವನ್ನು ಎದೆಗವಚಿಕೊಂಡು ಕೂರುವ ಅಭ್ಯಾಸಕ್ಕೆ ನಮಗೆ ಹೊಸ ಶಿಕ್ಷಣವೇನೂ ಬೇಕಾಗಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಅದು ಎಂದೋ ಆಗಿತ್ತು. ದಾರಿಯಲ್ಲಿ ಪೋರ್ತಿಚಿ ಎಂಬ ಊರು ಬರುತ್ತದೆ; ಇಟಲಿಯ ಮೊತ್ತಮೊದಲ ರೈಲು 1839ರಲ್ಲಿ ನೇಪಲ್ಸಿನಿಂದ ಓಡಿದ್ದು ಆ ಪೋರ್ತಿಚಿಗೆ. ಬೆಂಗಳೂರಿಗೆ ರೈಲು ಬಂದದ್ದು ಕಾಲು ಶತಮಾನದ ತರುವಾಯ, 1864ರಲ್ಲಿ.

ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ ಇಟ್ಟರೆ ಪಾಂಪೆಯಿಯ ಪೋರ್ತಾ ಮರೀನಾ, ಅಂದರೆ ಸಮುದ್ರದ್ವಾರ. ಈಗ ಸಮುದ್ರವು ಅಲ್ಲಿಂದ ದೂರ ಸರಿದಿದೆ. ಈ ನಗರದ ಮೂರನೆಯ ಒಂದು ಭಾಗವು ಇನ್ನೂ ಮಣ್ಣಿನಡಿಯಲ್ಲಿಯೇ ಇದೆ. ಅಗೆದು ತೆಗೆದಿರುವಷ್ಟನ್ನೇ ಒಂದು ದಿನದಲ್ಲಿ ನೋಡಿ ತೀರಿಸಲಾಗದು. ಎಲ್ಲವನ್ನೂ ನೋಡುವ ಹಟವನ್ನು ನಾವು ರಾಜಾಜಿನಗರದಲ್ಲಿಯೇ ತ್ಯಜಿಸಿ ಬಂದಿದ್ದೆವು. ಚೌಕದಲ್ಲಿ ನಿಂತು ಮುರಿದ ಕಂಬಗಳ ಮೇಲ್ಗಡೆ ವೆಸೂವಿಯಸ್ಸನ್ನು ಕಂಡ ಮೇಲೆ, ವಿಯಾ ದೆಲ್ಲಾಬೊಂದಾಂಜಾ ಎಂಬ ಒಂದೇ ಬೀದಿಯನ್ನು ಹಿಡಿದು ನಿಧಾನವಾಗಿ ನಡೆದೆವು. ಕಲ್ಲುಹಾಸಿನಲ್ಲಿ ಗಾಡಿಯ ಚಕ್ರಗಳು ಕೊರೆದ ಆಳವಾದ ಗೀರುಗಳಿವೆ. ಬೀದಿಯನ್ನು ಕಾಲು ನೆನೆಯದಂತೆ ದಾಟುವುದಕ್ಕೆ ನಡುನಡುವೆ ಎತ್ತರದ ಕಲ್ಲುಗಳನ್ನಿಟ್ಟಿದ್ದಾರೆ, ಗಾಡಿಯ ಚಕ್ರಗಳು ಅವುಗಳ ಸಂದಿಯಲ್ಲಿ ನುಸುಳಿ ಹೋಗುವಂತೆ ಅಳೆದು ಇಟ್ಟಿದ್ದಾರೆ. ನೀರಿನ ತೊಟ್ಟಿಗಳ ಅಂಚು, ಬಾಗಿ ನೀರು ಕುಡಿದ ಜನ ಕೈಯೂರಿದ ಜಾಗದಲ್ಲಿ, ಸವೆದು ತಗ್ಗಾಗಿದೆ. ಅಲ್ಲಲ್ಲಿ ಈಗಲೂ ಕುಡಿಯುವ ನೀರು ಬರುತ್ತದೆ. ನಮ್ಮ ಬಾಟಲಿಯನ್ನು ತುಂಬಿಸಿಕೊಂಡು, ಒಂದು ಗೋಡೆಯ ನೆರಳಿನಲ್ಲಿ ಕುಳಿತು, ಮನೆಯಿಂದ ತಂದಿದ್ದ ಕೋಡುಬಳೆಯನ್ನು ತಿಂದೆವು.

ಆ ಬೀದಿಯಲ್ಲಿಯೇ ಇದೆ ದಂತದ ಪ್ರತಿಮೆ ದೊರೆತ ಮನೆ; ‘ಭಾರತೀಯ ಪ್ರತಿಮೆಯ ಮನೆ’ ಎಂದೇ ಅದಕ್ಕೆ ಹೆಸರು. ಕಂಬಿಬಾಗಿಲಿಗೆ ಬೀಗ ಹಾಕಿತ್ತು. ಒಳಗಿನ ಅಂಗಳವನ್ನು ಕಂಬಿಗಳ ನಡುವಿನಿಂದಲೇ ನೋಡಬೇಕಾಯಿತು. ಅದೇ ಸಾಲಿನಲ್ಲಿ ಕೆಲವು ಹೆಜ್ಜೆಗಳಾಚೆ ಒಂದು ಊಟದಂಗಡಿಯುಂಟು. ಅದರ ಕಟ್ಟೆಯಲ್ಲಿ ಹೂತ ಗಡಿಗೆಗಳಲ್ಲೊಂದರೊಳಗೆ ಸುಮಾರು ಮೂರು ಕಿಲೋ ತೂಗುವ ಚಿಲ್ಲರೆ ನಾಣ್ಯಗಳು ಸಿಕ್ಕವಂತೆ. ಹಿಂದಿನ ಗೋಡೆಯ ಮೇಲೆ ವ್ಯಾಪಾರದ ದೇವತೆಯಾದ ಮರ್ಕ್ಯುರಿಯ ಚಿತ್ರವಿದೆ. ಪರದೇಶದ ದಂತದ ವಿಗ್ರಹವನ್ನು ಕೊಂಡವನೂ, ಗಡಿಗೆಯಲ್ಲಿ ಕಾಸನ್ನು ಕೂಡಿಟ್ಟವನೂ ಒಂದೇ ಸಾಲಿನವರು. ವೆಸೂವಿಯಸ್ ಸ್ಫೋಟಿಸಿದ ದಿನ ಈ ಕೊಲ್ಲಿಯ ಆಚೆಯ ತುದಿಯ ಮಿಸೇನಮ್ಮಿನಲ್ಲಿ ರೋಮನ್ ನೌಕಾಪಡೆಗೆ ಅಧಿಪತಿಯಾಗಿದ್ದವನು ಹಿರಿಯ ಪ್ಲಿನಿ. ಜನರನ್ನು ಪಾರುಮಾಡಲು ಹಡಗುಗಳೊಂದಿಗೆ ಬಂದು, ಪಾಂಪೆಯಿಗೆ ಸಮೀಪದ ಸ್ಟಾಬಿಯೆಯ ದಡದಲ್ಲಿ ಪ್ರಾಣಬಿಟ್ಟವನು. ಇಂಡಿಯಾ ದೇಶವು ವರ್ಷವರ್ಷವೂ ರೋಮಿನಿಂದ ಐದು ಕೋಟಿ ಸೆಸ್ಟರ್ಸ್ ನಾಣ್ಯವನ್ನು ಸೆಳೆದುಕೊಳ್ಳುತ್ತಿದೆಯೆಂದು ತನ್ನ ಗ್ರಂಥದಲ್ಲಿ ಸಂಕಟಪಟ್ಟವನೂ ಅವನೇ. ಮಲಬಾರಿನ ಮುಜಿರಿಸ್ ಬಂದರು ಇಳಿಯುವುದಕ್ಕೆ ಪ್ರಶಸ್ತವಲ್ಲ, ಸಮೀಪದ ನಿಟ್ರಿಯಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಎಚ್ಚರಿಸಿದವನೂ ಅವನೇ. ಆ ನಿಟ್ರಿಯಸ್ಸನ್ನು ನೇತ್ರಾವತಿಯ ಮುಖದಲ್ಲಿರುವ ನಮ್ಮ ಮಂಗಳೂರೆಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಯಾವ ಬಂದರಿನಲ್ಲಿ ಇಳಿಯಬೇಕು, ಯಾವ ಗಾಳಿ ಹಿಡಿದು ಹಿಂದಿರುಗಬೇಕು ಎಂಬ ಚಿಂತೆ ಹತ್ತೊಂಬತ್ತು ಶತಮಾನಗಳ ಕೆಳಗೆ ಈ ಕೊಲ್ಲಿಯಿಂದ ನಮ್ಮ ಕರಾವಳಿಗೆ ಹೊರಟವರಿಗೂ ಇತ್ತು. ಅವರಿಗೆ ಬಂಡಿ ತಪ್ಪಿದರೆ ಅರ್ಧಗಂಟೆಯಲ್ಲ, ಮುಂದಿನ ಮಾನ್‌ಸೂನ್ ತನಕ ಕಾಯಬೇಕಾಗಿತ್ತು.

ಒಂದೂವರೆಯಾದಾಗ ನನ್ನ ಹೆಂಡತಿ ಗಡಿಯಾರವನ್ನು ತೋರಿಸಿದಳು. ಗೋಡೆಚಿತ್ರಗಳಿಗಾಗಿ ಲೋಕಪ್ರಸಿದ್ಧವಾದ ವಿಲ್ಲಾ ದೇಯಿ ಮಿಸ್ತೇರಿಯನ್ನು, ಸ್ಟೇಷನ್ನಿಗೇ ಅದರ ಹೆಸರಿದ್ದರೂ, ನಾವು ನೋಡಲಿಲ್ಲ. ಆ ವಿಷಯದಲ್ಲಿ ನನಗೆ ಆಗಲೂ ಪಶ್ಚಾತ್ತಾಪವಿರಲಿಲ್ಲ, ಈಗಲೂ ಇಲ್ಲ. ಉಸಿರುಗಟ್ಟಿ ಓಡಿ ನೋಡಿದ ಚಿತ್ರಕ್ಕಿಂತ ನೆರಳಿನಲ್ಲಿ ಕುಳಿತು ನೋಡಿದ ನೀರಿನ ತೊಟ್ಟಿಯೇ ನನಗೆ ಲಾಭವೆಂದು ತೋರುತ್ತದೆ. ಎರಡು ಗಂಟೆಯ ಬಂಡಿ ಬಂದಿತು. ಅದರಲ್ಲಿ ಕುಳಿತುಕೊಳ್ಳಲು ಜಾಗವೂ ಇತ್ತು. ನಾಲ್ಕು ಗಂಟೆಗೆ ಮೊದಲೇ ನಾವು ಹಡಗಿನ ಮೇಲಂತಸ್ತಿನಲ್ಲಿ ಕಾಫಿ ಕುಡಿಯುತ್ತಿದ್ದೆವು. ಮಡಿಸಿಟ್ಟಿದ್ದ ನೋಟುಗಳು ಮಡಿಸಿದಂತೆಯೇ ಬೆಂಗಳೂರಿಗೆ ಬಂದವು; ವಿಜಯನಗರದ ಸ್ನೇಹಿತರು ವೃತ್ತಾಂತವನ್ನೆಲ್ಲ ಕೇಳಿ, “ಮತ್ತೆ, ಹೇಳಲಿಲ್ಲವೇ?” ಎಂದರು.

ಎಲ್ಲರಿಗೂ ಈ ಮಾರ್ಗವೇ ಯುಕ್ತವೆಂದು ನಾನು ವಾದಿಸುವುದಿಲ್ಲ. ಮೆಟ್ಟಿಲು ಹತ್ತಲಾರದವರೂ, ಕೈಗೂಸುಳ್ಳವರೂ, ಗಡಿಯಾರವನ್ನು ನೋಡಿದೊಡನೆ ಎದೆ ಬಡಿದುಕೊಳ್ಳುವ ಸ್ವಭಾವದವರೂ ಹಡಗಿನವರ ಬಸ್ಸಿನಲ್ಲಿಯೇ ಹೋಗುವುದು ಲೇಸು. ಬಂದರು ಊರಿನಿಂದ ಬಹುದೂರವಿದ್ದು, ಬಂಡಿಗಳು ಗಂಟೆಗೊಂದರಂತೆ ಇರುವಲ್ಲಿ ಮಿಕ್ಕವರೂ ಹಾಗೆಯೇ ಮಾಡಬಹುದು. ಬಂಡಿಗಳು ಮೇಲಿಂದ ಮೇಲೆ ಇರುವ ನೇಪಲ್ಸಿನಂಥ ಬಂದರಿನಲ್ಲಿ ಮಾತ್ರ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಿ ಅಭ್ಯಾಸವಿದ್ದವರು ಹಿಂಜರಿಯಬೇಕಾದ ಕಾರಣವನ್ನು ನಾನು ಕಾಣೆ. ನಿಮ್ಮ ಹಡಗು ಮಂಗಳವಾರವಲ್ಲದ ದಿನ ಅಲ್ಲಿಗೆ ಬರುವುದಾದರೆ, ಗಾರಿಬಾಲ್ಡಿಯ ಕಡೆಗಲ್ಲದೆ ವಿರುದ್ಧ ದಿಕ್ಕಿನ ಮೆಟ್ರೋ ಹತ್ತಿ. ಮ್ಯುನಿಚಿಪಿಯೊದಿಂದ ಮೂರನೆಯ ನಿಲ್ದಾಣ ವಸ್ತುಸಂಗ್ರಹಾಲಯದ್ದು. ಆ ದಂತದ ಪ್ರತಿಮೆಯನ್ನಿಟ್ಟಿರುವ ಕೊಠಡಿ ಅಂದು ತೆರೆದಿರುವುದೇ ಎಂಬುದನ್ನು ಮಾತ್ರ ಮನೆಯಲ್ಲಿದ್ದಾಗಲೇ ವಿಚಾರಿಸಿಕೊಂಡು ಹೊರಡಿ.